ಬಂಡೆಯ ಬುಡದಲ್ಲಿ ಎದೆಗೆ ಹೋದ ಕೈ

ಅಂದು ಬೆಳಿಗ್ಗೆ ಮಾಡಿದ್ದು: ಸ್ನಾನ, ಲಿಂಗಪೂಜೆ, ಯಜಮಾನರ ಎರಡು ಬನಿಯನ್ ಒಗೆದು ಲಾಡ್ಜಿನ ಕಿಟಕಿಗೆ ಹಾಕಿದ್ದು, ಇಳಕಲ್ಲಿನಿಂದ ತಂದ ಖಡಕ್ ರೊಟ್ಟಿ ಸಮುದ್ರದ ಗಾಳಿಗೆ ಮೆತ್ತಗಾಗಿವೆಯೇ ಎಂದು ಮುಟ್ಟಿ ನೋಡಿದ್ದು. ಆಮೇಲೆ ಇಬ್ಬರೂ ದೋಣಿ ಹತ್ತಿದೆವು.

ಪೈಪಿನಿಂದ ಉಸಿರಾಡುತ್ತ ನೀರಡಿ ಇಳಿಯುವ ಸ್ಕೂಬಾ ನನ್ನದೇ ಹಟ. ಬಾದಾಮಿಯ ಹೊಂಡದಲ್ಲಿ ಈಜು ಕಲಿತವಳು ನಾನು. ದಂಡೆಯಿಂದ ತುಸು ದೂರದಲ್ಲಿ ಒಂದು ಕರಿ ಬಂಡೆ. ಅದರ ಸುತ್ತ ಎರಡಾಳು ನೀರು.

ಮುಳುಗಿಸುವ ಹುಡುಗ ಸನ್ನೆ ಕಲಿಸಿದ. ಉಸಿರು ತ್ರಾಸಾದರೆ ಎದೆಯ ಮೇಲೆ ಕೈ. ಆಮೇಲೆ, "ಅಮ್ಮ, ಕುತ್ತಿಗೆಯದ್ದೆಲ್ಲ ತೆಗೆದಿಡಿ. ಪೈಪಿಗೆ ಸಿಕ್ಕಿಕೊಳ್ತದೆ" ಎಂದ.

ತಾಳಿ ಬಿಚ್ಚಿ ಯಜಮಾನರಿಗೆ ಕೊಟ್ಟೆ. ಇಷ್ಟಲಿಂಗ ಮಾತ್ರ ಮೈಬಿಟ್ಟು ಹೋಗುವಂತಿಲ್ಲ. ಎದೆಯ ಮೇಲೆ ತೂಗುವ ಬೆಳ್ಳಿಯ ಕರಡಿಗೆಯಿಂದ ತೆಗೆದು, ಅರಿವೆಯಲ್ಲಿ ಸುತ್ತಿ, ರಬ್ಬರಿನ ಅಂಗಿಯೊಳಗೆ ತೋಳಿಗೆ ಕಟ್ಟಿಕೊಂಡೆ.

"ತಾಳಿ ಕೊಟ್ಟಿ, ಲಿಂಗ ಇಟ್ಕೊಂಡಿ. ನನ್ನ ಕಿಮ್ಮತ್ತು ಗೊತ್ತಾತು ಬಿಡು!"

"ತಾಳಿ ಕಳದ್ರ ಪ್ಯಾಟ್ಯಾಗ ಸಿಗ್ತದ್ರಿ. ಇದು ಕಳದ್ರ ಗುರುಗಳು ಮತ್ತೊಂದು ಕಟ್ಟೂತನಕ ಉಪಾಸ. ನಮ್ಮವ್ವ ಹೇಳಿದ್ದು."

ಕೆಳಗೆ ಬಂಡೆ ಬೇರೆಯೇ ಇತ್ತು. ಸಂದಿಗಳಲ್ಲಿ ಹಸಿರು ಪಾಚಿ ತೂಗುತ್ತಿತ್ತು. ಹಳದಿ ಪಟ್ಟೆಯ ಮೀನುಗಳ ಹಿಂಡು ನನ್ನನ್ನು ಕಂಡು ಓಡಲಿಲ್ಲ, ಸ್ವಲ್ಪ ಸರಿದು ದಾರಿ ಬಿಟ್ಟಿತು ಅಷ್ಟೆ. ಚಂದದ್ದನ್ನು ಕಂಡರೆ ಕೈ ಲಿಂಗಕ್ಕೆ ಹೋಗುವುದು ನನ್ನ ಚಿಕ್ಕಂದಿನ ರೂಢಿ. ಹೋಯಿತು. ಎದೆಯಲ್ಲಿ ಏನೂ ಇರಲಿಲ್ಲ. ತೋಳಿಗೆ ಕಟ್ಟಿದ್ದೇ ಮರೆತಿದ್ದೆ. ಇನ್ನೊಂದು ಕೈಯನ್ನೂ ಎದೆಗೆ ಒತ್ತಿ ತಡಕಿದೆ.

ಹುಡುಗ ಕಂಡವನೇ ನನ್ನನ್ನು ಹಿಡಿದು ಮೇಲೆ ತಂದ. "ಉಸಿರು ಕಟ್ಟಿತಾ ಅಮ್ಮ?"

"ಉಸಿರಲ್ಲಪಾ, ನನ್ನ ಲಿಂಗ!" ಎಂದೆ. ಎಂದಮೇಲೆ ತೋಳು ನೆನಪಾಯಿತು. ಅಂಗಿಯ ತೋಳಿನೊಳಗೆ ಬೆರಳು ತೂರಿಸಿದೆ. ಗಂಟು ಸಡಿಲಾಗಿತ್ತು, ಆದರೆ ಅಲ್ಲೇ ಇತ್ತು.

ಹುಡುಗ ನಗು ತಡೆದು, "ಈ ಸಲ ತೋಳನ್ನೇ ಹಿಡ್ಕೊಳ್ಳಿ. ತೋಳು ಹಿಡಿದ್ರೆ ನಮ್ಮ ಸನ್ನೆಯಲ್ಲಿ ಏನೂ ಅರ್ಥ ಇಲ್ಲ" ಎಂದು ಗಂಟು ಬಿಗಿಯಲು ಸಮಯ ಕೊಟ್ಟ. ದೋಣಿಯ ಅಂಚು ಹಿಡಿದು ಬಿಗಿದುಕೊಂಡೆ.

"ಮತ್ತ ಎದಿಗೆ ಕೈ ಇಡಬ್ಯಾಡ ಮಾರಾಯ್ತಿ, ಇಲ್ಲಿ ನನ್ನ ಎದಿ ಒಡೀತದ" ಎಂದರು ಯಜಮಾನರು. ತಾಳಿ ಅವರ ಮುಷ್ಟಿಯಲ್ಲಿತ್ತು.

ಎರಡನೇ ಸಲ ತೋಳು ಹಿಡಿದುಕೊಂಡೇ ಬಂಡೆಯನ್ನು ಪೂರ್ತಿ ಸುತ್ತಿ ಬಂದೆ.

ಲಾಡ್ಜಿಗೆ ಮರಳಿದೆವು, ಉಪವಾಸ ತಪ್ಪಿತು. ಮೆತ್ತಗಾದ ರೊಟ್ಟಿ, ಶೇಂಗಾ ಹಿಂಡಿ, ಹೋಟೆಲಿನ ಮೊಸರು. ಲಿಂಗವನ್ನು ಒರೆಸಿ ಕರಡಿಗೆಗೆ ಸೇರಿಸುವಷ್ಟರಲ್ಲಿ, ನೀರಿಗೇ ಇಳಿಯದ ಯಜಮಾನರು ದಣಿದು ಮೊದಲು ನಿದ್ದೆ ಹೋಗಿದ್ದರು.