ಆವರಣ ತೋರಿಸುವ ಮಾವ

ನಮ್ಮ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದವರಿಗೆ ಆವರಣ ತೋರಿಸುವ ಕೆಲಸವನ್ನು ಸಸ್ಯಶಾಸ್ತ್ರ ವಿಭಾಗದ ಅಟೆಂಡರಿಗೆ, ಅಂದರೆ ನಮ್ಮೆಲ್ಲರ ಮಾವನಿಗೆ, ಯಾರೂ ವಹಿಸಿದ್ದಲ್ಲ, ಅವನೇ ಹೊತ್ತುಕೊಂಡದ್ದು. ಬೀಗದ ಕೈಗೊಂಚಲು ಝಣಗುಡಿಸುತ್ತ ಅವನು ಮುಂದೆ ನಡೆದರೆ ಕುಲಪತಿಗಳೂ ಹಿಂದೆಯೇ ನಡೆಯಬೇಕು. ಗ್ರಂಥಾಲಯದ ಮುಂದೆ, “ನಾಲ್ಕು ಲಕ್ಷ ಪುಸ್ತಕ ಇದೆ, ಒಂದೂ ಓದಿಲ್ಲ, ಆದ್ರೆ ಎಲ್ಲದರ ಧೂಳು ಕುಡಿದಿದೀನಿ” ಎನ್ನುತ್ತಾನೆ. ಭೌತಶಾಸ್ತ್ರದ ಕಟ್ಟಡ ಬಂದರೆ, “ಮೆಲ್ಲಗೆ ನಡೀರಿ, ಒಳಗೆ ಅದೇನೋ ಅಳೀತಿದಾರೆ, ನಮ್ಮ ಹೆಜ್ಜೆಗೂ ಮುಳ್ಳು ಅಲ್ಲಾಡುತ್ತೆ” ಎಂದು ತುದಿಗಾಲಲ್ಲಿ ದಾಟಿಸುತ್ತಾನೆ. ಎದುರಿಗೆ ಸಿಕ್ಕ ಡೀನ್ ಸಾಹೇಬರನ್ನು ತೋರಿಸಿ, “ಇವರು ಕೆಲಸದ ಸಂದರ್ಶನಕ್ಕೆ ಹೋಗಿದ್ದು ನನ್ನ ಬೂಟು ಹಾಕ್ಕೊಂಡು” ಎಂದು ಅವರಿಗೆ ಕೇಳುವಂತೆಯೇ ಹೇಳುತ್ತಾನೆ. ಹಸಿರುಮನೆಯ ಗಾಜಿನ ಬಾಗಿಲು ತೆರೆದಾಗ ಮಾತ್ರ ಕೈಗೊಂಚಲನ್ನು ಸದ್ದಾಗದಂತೆ ಜೇಬಿಗೆ ಇಳಿಸುತ್ತಾನೆ. ಕಡಿಮೆ ನೀರಿನಲ್ಲಿ ಬದುಕುವ ಗೋಧಿಯ ಮೇಲೆ ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ ನಾಲ್ಕನೆಯ ವರ್ಷ ಕಾಯಿಲೆಯಿಂದ ತೀರಿಕೊಂಡಳು. ಕುಂಡಗಳನ್ನು ಖಾಲಿ ಮಾಡು ಎಂದು ವಿಭಾಗ ಹೇಳಿತು. “ನಾಳೆ ಮಾಡ್ತೀನಿ ಸರ್” ಎನ್ನುತ್ತಲೇ ಮಾವ ಮೂರು ತಿಂಗಳು, ಭಾನುವಾರವನ್ನೂ ಬಿಡದೆ, ಅವಳು ಕಲಿಸಿದಂತೆ ಸ್ಕೇಲು ಹಿಡಿದು ಒಂದೊಂದು ಗಿಡದ ಎತ್ತರ ಬರೆದಿಟ್ಟ. ಆ ಅಳತೆಗಳಿಂದಲೇ ಅವಳ ಮಾರ್ಗದರ್ಶಕರು ಪ್ರಬಂಧದ ಕೊನೆಯ ಅಧ್ಯಾಯ ಮುಗಿಸಿದರು. ಡಾಕ್ಟರೇಟ್ ಸ್ವೀಕರಿಸಲು ಅವಳ ತಾಯಿ ಬಂದರು. ಸಮಾರಂಭ ಮುಗಿದ ಮೇಲೆ ಆಕೆ ಹಸಿರುಮನೆಗೆ ಬಂದು, “ನನ್ನ ಮಗಳು ಎಲ್ಲಿ ಕೂತ್ಕೊಳ್ತಿದ್ಲು?” ಎಂದು ಕೇಳಿದರು. ಮಾವ ಗಿಡಗಳ ನಡುವಿನ ಸ್ಟೂಲನ್ನು ಒರೆಸಿ ಅವರನ್ನು ಕೂರಿಸಿದ, ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಆಕೆ ತಾವಾಗಿ ಎದ್ದು ಬರುವವರೆಗೂ ಯಾರನ್ನೂ ಒಳಗೆ ಬಿಡಲಿಲ್ಲ.