ಇಪ್ಪತ್ತಾರು ಸುತ್ತು

ಅಣ್ಣನ ಮೇಲೆ ನನಗಿದ್ದ ಸಿಟ್ಟನ್ನು ಅಡಿ, ಇಂಚಿನಲ್ಲಿಯೇ ಹೇಳಬಹುದು. ಬೈಲಹೊಂಗಲದ ನಮ್ಮ ಮನೆಯ ಮಾಳಿಗೆ ಬೀದಿಯಿಂದ ಹಿತ್ತಲವರೆಗೆ ಎಪ್ಪತ್ತೆರಡು ಅಡಿ ಉದ್ದ. ಪಾಲಾದಾಗ ಬೀದಿ ಕಡೆಯ ಮೂವತ್ತಾರು ಅಡಿ ನನಗೆ ಬಂತು, ಹಿತ್ತಲ ಕಡೆಯ ಮೂವತ್ತಾರು ಅಡಿ ಅವನಿಗೆ ಹೋಯಿತು. ಮಾಳಿಗೆಯ ಮೇಲೆ ಆಗಲೇ ಕಟ್ಟಿದ್ದ ನನ್ನ ತಂತಿಯ ಉದ್ದ ಅರವತ್ತಾರು ಅಡಿ.

ಆ ತಂತಿ ಏನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕಿತ್ತೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ತೊಂಬತ್ತರ ದಶಕದಲ್ಲಿ ಪರೀಕ್ಷೆ ಬರೆದು ಹ್ಯಾಮ್ ರೇಡಿಯೋ ಲೈಸೆನ್ಸ್ ಪಡೆದಿದ್ದೆ. ದಿನಾ ಬೆಳಿಗ್ಗೆ ಬಸ್ಸು ಹಿಡಿಯುವ ಮೊದಲು ಒಂದು ತಾಸು ರೇಡಿಯೋ ಮುಂದೆ ಕೂತು ಕೇರಳದವರು, ಪುಣೆಯವರು, ರೇಡಿಯೋ ಅಲೆ ದೂರ ಹರಿದ ದಿನ ಸಿಂಹಳದವರು, ಹೀಗೆ ಮುಖ ಕಾಣದ ಜನರ ಜೊತೆ ಹರಟುತ್ತಿದ್ದೆ. ಅದಕ್ಕೆ ಬೇಕಾದ ಆಂಟೆನಾ ಎಂದರೆ ಎರಡು ಸಮ ತೋಳಿನ ಒಂದು ತಾಮ್ರದ ತಂತಿ, ನಡುವೆ ಕೆಳಗಿಳಿಯುವ ಕೇಬಲ್ಲು. ನಲವತ್ತು ಮೀಟರ್ ಎನ್ನುವ ನಮ್ಮ ಬ್ಯಾಂಡಿಗೆ ಅರವತ್ತಾರು ಅಡಿ ಬೇಕೇ ಬೇಕು. ಅದು ನನ್ನ ಹಟವಲ್ಲ, ಭೌತಶಾಸ್ತ್ರದ ಹಟ.

ಪಾಲು ಮಾಡಲು ನಾಲ್ಕು ಜನ ಹಿರಿಯರು ಬಂದಿದ್ದರು. ಟೇಪು ಮಾತ್ರ ಅಣ್ಣನ ಕೈಯಲ್ಲಿತ್ತು. ಪೇಟೆಯಲ್ಲಿ ಅವನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಅಳತೆ ಎಂದರೆ ಅವನಿಗೆ ದೇವರು. ಅವತ್ತು ಮಾಳಿಗೆಯನ್ನು ಮೂರು ಸಲ ಅಳೆದ. ಸುಣ್ಣದ ಗೆರೆ ಅರ್ಧ ಇಂಚು ನನ್ನ ಕಡೆ ಜರುಗಿದೆ ಎಂದು ತಾನೇ ಅಳಿಸಿ ಮತ್ತೆ ಹಾಕಿದ. ನ್ಯಾಯವಂತ ಎಂದು ಹಿರಿಯರೆಲ್ಲ ತಲೆದೂಗಿದರು. ಸ್ವಂತ ತಮ್ಮನ ಮುಂದೆ ಅರ್ಧ ಇಂಚಿನ ನ್ಯಾಯ ತೋರಿಸುವವನನ್ನು ಹೊಗಳುವವರ ಮೇಲೂ ನನಗೆ ಸಿಟ್ಟು ಬಂತು.

ಗೆರೆ ಹಾಕಿ ಮುಗಿಸಿದವನು ತಲೆಯೆತ್ತಿ ನನ್ನ ತಂತಿ ನೋಡಿದ. ನಾನು ರೇಡಿಯೋದಲ್ಲಿ ಮಾತಾಡುವಾಗೆಲ್ಲ ಅವನ ಹೆಂಡತಿ, ನಮ್ಮ ವೈನಿಯ ಟೀವಿಯಲ್ಲಿ ಗೆರೆ ಬರುತ್ತಿದ್ದವು. ಅದರ ಮೇಲೆ ಆರು ತಿಂಗಳಿಂದ ಮುಸುಕಿನ ಜಗಳ ನಡೆದೇ ಇತ್ತು.

"ಈ ತಂತಿ ನನ್ನ ಪಾಲಿನ ಮ್ಯಾಲ ಬರಬಾರದು," ಎಂದ. "ನೆಲ ಅಷ್ಟ ಅಲ್ಲ, ಮ್ಯಾಲಿಂದೂ ಸೇರಿ ಪಾಲ ಆಗೇತಿ."

ನಾನು ಅರವತ್ತಾರು ಅಡಿಯ ಲೆಕ್ಕ ಹೇಳಿದೆ. ಲೆಕ್ಕ ನಿನ್ನದು, ಮಾಳಿಗೆ ನನ್ನದು ಎಂಬ ಅರ್ಥದಲ್ಲಿ ಏನೋ ಅಂದ. ಆಗ ನನ್ನ ಬಾಯಿಂದ ಒಂದು ಮಾತು ಬಂತು. ನಾಲ್ಕು ಜನ ಹಿರಿಯರ ಮುಂದೆ, ಅವನ ಹೆಂಡತಿಯ ಮುಂದೆ.

"ತಂತಿ ಸುತ್ತೂದ ಬಿಟ್ರ ನಿನಗೇನ ತಿಳಿತೈತಿ?"

ಅಪ್ಪ ತೀರಿಕೊಂಡಾಗ ಅಣ್ಣ ಏಳನೆಯ ಇಯತ್ತೆಯಲ್ಲಿದ್ದ. ಸಾಲೆ ಬಿಟ್ಟು ವೈಂಡಿಂಗ್ ಅಂಗಡಿಗೆ ದುಡಿಯಲು ಹೋದ. ನಾನು ಬಿ.ಎಸ್ಸಿ. ಓದಿದ್ದು ಅವನು ಸುತ್ತಿದ ತಂತಿಯಿಂದಲೇ. ಇದು ಆ ನಾಲ್ವರಿಗೂ ಗೊತ್ತಿತ್ತು. ಅಣ್ಣ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡು ಕೆಳಗಿಳಿದು ಹೋದ. ಅವತ್ತಿನಿಂದ ನಮ್ಮಿಬ್ಬರ ಮಾತು ನಿಂತಿತು. ವಾರದೊಳಗೆ ಗೆರೆಯ ಮೇಲೆ ಮೊಣಕಾಲೆತ್ತರದ ಗೋಡೆ ಎದ್ದಿತು.

ನಾನು ತಂತಿ ಇಳಿಸಿದೆ. ಎರಡು ತಿಂಗಳು ರೇಡಿಯೋ ಮೇಲೆ ಧೂಳು ಕೂತಿತು. ಸಿಂಹಳದವರ ಸುದ್ದಿ ಬೇಕು, ಗೋಡೆಯಾಚೆಯವರ ಸುದ್ದಿ ಬೇಡ, ಎಂಥ ಮಾತುಗಾರರು ನೀವು ಎಂದು ಹೆಂಡತಿ ಚುಚ್ಚುತ್ತಿದ್ದಳು. ಹೋಗಿ ಒಂದು ಮಾತು ತಪ್ಪಾಯಿತೆಂದರೆ ತಂತಿಯೂ ಬರುತ್ತದೆ, ಅಣ್ಣನೂ ಬರುತ್ತಾನೆ ಎನ್ನುತ್ತಿದ್ದಳು. ಹೋಗುವವನಲ್ಲ ನಾನು. ಅವನ ಒಂದು ಇಂಚೂ ಮುಟ್ಟದೆ, ನನ್ನ ಮೂವತ್ತಾರು ಅಡಿಯಲ್ಲೇ ರೇಡಿಯೋ ಹಚ್ಚಿ ತೋರಿಸಬೇಕೆಂಬ ಒಂದೇ ಛಲ ಹೊಕ್ಕಿತ್ತು.

ದಾರಿ ತೋರಿಸಿದವರು ಹುಬ್ಬಳ್ಳಿಯ ಒಬ್ಬ ಹಿರಿಯ ಹ್ಯಾಮ್. ಜಾಗ ಇಲ್ಲದವರು ತೋಳಿನ ನಡುವೆ ಕಾಯಿಲ್ ಹಾಕುತ್ತಾರೆ ಎಂದರು. ಪೈಪಿನ ತುಂಡಿನ ಮೇಲೆ ತಾಮ್ರದ ತಂತಿ ಸುತ್ತಿ, ಎರಡೂ ತೋಳಿಗೆ ಒಂದೊಂದು ಸೇರಿಸಿದರೆ ಗಿಡ್ಡ ತಂತಿಯೂ ಉದ್ದ ತಂತಿಯ ಕೆಲಸ ಮಾಡುತ್ತದೆ. ಟ್ರ್ಯಾಪ್ ಎಂಬ ಇನ್ನೊಂದು ಬಗೆಯೂ ಇದೆ, ಅದು ಎರಡು ಬ್ಯಾಂಡ್ ಬೇಕೆನ್ನುವವರಿಗೆ, ನಿಮಗೆ ಬರೀ ಕಾಯಿಲ್ ಸಾಕು ಎಂದರು. ಆದರೆ ಒಂದು ಎಚ್ಚರಿಕೆ ಹೇಳಿದರು. ಉದ್ದ ತಂತಿ ಸಣ್ಣಪುಟ್ಟ ತಪ್ಪನ್ನು ಕ್ಷಮಿಸುತ್ತದೆ, ಕಾಯಿಲ್ ಕ್ಷಮಿಸುವುದಿಲ್ಲ. ಎರಡೂ ಕಾಯಿಲ್ ಒಂದೇ ಸಮ ಇರಬೇಕು, ಸುತ್ತು ಒಂದು ಹೆಚ್ಚಾದರೂ ಬ್ಯಾಂಡಿನಿಂದ ಹೊರಗೆ.

ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಎರಡಿಂಚಿನ ಬಿಳಿ ಪಿವಿಸಿ ಪೈಪು, ಇಪ್ಪತ್ತಾರು ಸುತ್ತು, ತುದಿಯಿಂದ ತುದಿಗೆ ಮೂವತ್ತೆಂಟು ಅಡಿ. ನನ್ನ ಪಾಲಿಗಿಂತ ಎರಡು ಅಡಿ ಹೆಚ್ಚು. ತಂತಿ ಇನ್ನೂ ಗಿಡ್ಡ ಮಾಡಿದರೆ ಕಾಯಿಲ್ ದೊಡ್ಡದಾಗುತ್ತದೆ, ಕಾಯಿಲ್ ದೊಡ್ಡದಾದಷ್ಟೂ ಶಕ್ತಿ ಅದರಲ್ಲೇ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಹೆಚ್ಚಿನ ಎರಡು ಅಡಿಯನ್ನು ಗೋಡೆಯ ಕಡೆ ಬಾಲದಂತೆ ಕೆಳಗೆ ಜೋತುಬಿಡುವುದೆಂದು ತೀರ್ಮಾನಿಸಿದೆ.

ಇನ್ನು ಸುತ್ತುವವರು ಯಾರು? ನಾನೇ ಕೂತೆ. ದಪ್ಪ ತಂತಿ ನನ್ನ ಕೈಯಲ್ಲಿ ಹಾವಿನ ಹಾಗೆ ತಿರುಚಿಕೊಂಡಿತು. ಗೋಡೆಯಾಚೆಯೇ ಇಡೀ ತಾಲೂಕಿಗೇ ಹೆಸರಾದ ವೈಂಡಿಂಗ್ ಮೇಸ್ತ್ರಿ ಇದ್ದ, ಮತ್ತು ನಾನು ಸವದತ್ತಿಯ ಬಸ್ಸು ಹತ್ತಿದೆ. ಅಲ್ಲಿಯ ಅಂಗಡಿಯವನು ನನ್ನ ಕಾಗದ ನೋಡಿದ, ಮುಖ ನೋಡಿದ, ನಿಮ್ಮಣ್ಣ ಇರುವಾಗ ಈ ಕೆಲಸಕ್ಕೆ ನಾನು ಕೈ ಹಾಕಿದರೆ ನಾಳೆ ಅವರಿಗೆ ಮುಖ ತೋರಿಸುವುದು ಹೇಗೆ ಎಂದು ಕೈಮುಗಿದ. ಮುಂದಿನ ರವಿವಾರ ಇನ್ನೂ ದೂರದ ರಾಮದುರ್ಗಕ್ಕೆ ಹೋದೆ.

ರಾಮದುರ್ಗದ ಮೇಸ್ತ್ರಿ ಸೌಮ್ಯ ಮುಸಲ್ಮಾನ ಹಿರಿಯರು. ಚಹಾ ತರಿಸಿದರು, ಕೆಲಸ ಒಪ್ಪಿಕೊಂಡರು, ಎಂಟು ದಿನಕ್ಕೆ ಕೊಟ್ಟರು. ತಂದು ಮೇಲೇರಿಸಿ ಮೀಟರು ನೋಡಿದರೆ, ಮುಳ್ಳು ತುದಿಗೇರಿದೆ, ಕಳಿಸಿದ ಶಕ್ತಿಯೆಲ್ಲ ಗೋಡೆಗೆ ಬಡಿದ ಚೆಂಡಿನ ಹಾಗೆ ತಿರುಗಿ ಬರುತ್ತಿದೆ. ಇಳಿಸಿ ಎಣಿಸಿದೆ. ಒಂದರಲ್ಲಿ ಇಪ್ಪತ್ತೆಂಟು ಸುತ್ತು, ಇನ್ನೊಂದರಲ್ಲಿ ಇಪ್ಪತ್ತೊಂಬತ್ತು.

ಮತ್ತೆ ಹೋಗಿ ಕೇಳಿದರೆ ಅವರು ನಗುತ್ತಲೇ ಹೇಳಿದರು.

"ಕೊಸರ ಹಾಕೇನ್ರಿ ಸರ. ದೂರದಿಂದ ಬಂದೀರಿ, ಬರೋಬ್ಬರಿ ಎಣಿಸಿ ಕೊಟ್ರ ಚಲೋ ಅನಸ್ತೈತೇನ್ರಿ?"

ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ ಇನ್ನೆರಡು ಹಾಕುವಂತೆ ನನ್ನ ಕಾಯಿಲ್‌ಗೆ ಕೊಸರು ಹಾಕಿದ್ದರು. ತಾಮ್ರ ಹೆಚ್ಚಾದರೆ ನಷ್ಟ ಹೇಗೆ ಎಂಬುದು ಅವರಿಗೆ ತಿಳಿಯಲಿಲ್ಲ. ಮೋಟಾರಿಗಾದರೆ ಅವರು ಹೀಗೆ ಮಾಡುತ್ತಿರಲಿಲ್ಲ, ಇದೇನೋ ಬರೀ ಸುರುಳಿ, ಆಟದ ಸಾಮಾನು ಎಂದುಕೊಂಡಿದ್ದರು. ಎರಡನೆಯ ಸಲ ಸುತ್ತಿಕೊಟ್ಟರು. ಅದರಲ್ಲೂ ಒಂದೊಂದು ಹೆಚ್ಚು. ಕೈ ಕೇಳುವುದಿಲ್ಲ ಎಂದರು. ಆ ಅಂಗಡಿಯಲ್ಲಿ ನಾಲ್ಕು ಗಿರಾಕಿಗಳ ಎದುರು ನಾನು ಅವರಿಗೆ ಆಡಬಾರದ್ದನ್ನು ಆಡಿದೆ. ಎಣಿಸಲು ಬಾರದವರು ಅಂಗಡಿ ಯಾಕೆ ತೆರೆಯಬೇಕು ಎಂದೆ. ನನ್ನ ಅಪ್ಪನ ವಯಸ್ಸಿನವರು. ಕಾಗದ ಇಲ್ಲಿಯೇ ಇರಲಿ, ಇನ್ನೊಂದು ವಾರ ಕೊಡಿ ಎಂದಷ್ಟೇ ಅಂದರು.

ಮೂರನೆಯ ಜೋಡಿ ಬಂತು. ಎರಡು ಕಾಯಿಲ್ ಅವಳಿಜವಳಿ. ಸುತ್ತಿಗೆ ಸುತ್ತು ಅಂಟಿಕೊಂಡು ಒಂದು ಕೂದಲೂ ತೂರುವಂತಿರಲಿಲ್ಲ. ಇಪ್ಪತ್ತಾರು, ಇಪ್ಪತ್ತಾರು. ತುದಿಗಳಿಗೆ ಹಿತ್ತಾಳೆಯ ಬೋಲ್ಟು, ಅದರ ಕೆಳಗೆ ಬಿಳಿ ಲಾಡಿ ಬಿಗಿದು ಹಾಕಿದ ಗಂಟು. ಆ ಗಂಟನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಮನೆಯ ಜಗುಲಿಯ ಮೇಲೆ, ಸುತ್ತಿಟ್ಟ ನೂರಾರು ಮೋಟಾರುಗಳಲ್ಲಿ ನೋಡಿದ್ದೆ. ಎಲ್ಲ ಮೇಸ್ತ್ರಿಗಳೂ ಹೀಗೇ ಹಾಕುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಕಟ್ಟಿದೆ, ಬಾಲ ಜೋತುಬಿಟ್ಟೆ, ಮೀಟರಿನ ಮುಳ್ಳು ಬಹುಮಟ್ಟಿಗೆ ಕೆಳಗಿಳಿಯಿತು. ಮರುದಿನ ಬೆಳಿಗ್ಗೆ ಪುಣೆಯವರು ನನ್ನ ದನಿ ಸ್ಪಷ್ಟವಾಗಿದೆ ಎಂದರು. ಗೋಡೆಯಾಚೆ ಕೇಳಲಿ ಎಂದು ನಾನು ಬೇಕೆಂದೇ ಜೋರಾಗಿ ಮಾತಾಡಿದೆ.

ರಾಮದುರ್ಗದವರ ಮನಸ್ಸು ನೋಯಿಸಿದ್ದಕ್ಕೆ ಅರ್ಧ ಕಿಲೋ ಫೇಡೆ ಕಟ್ಟಿಸಿಕೊಂಡು ಹೋದೆ. ಅವರು ಪೊಟ್ಟಣ ಮುಟ್ಟಲಿಲ್ಲ.

"ಇದ ನನ್ನ ಕೈ ಕೆಲಸ ಅಲ್ರಿ ಸರ. ನನಗ ಕೆಲಸ ಕಲಿಸಿದ ಉಸ್ತಾದ ನಿಮ್ಮ ಅಣ್ಣಾರ. ನಿಮ್ಮ ಕಾಗದ ಒಯ್ದು ತೋರಿಸಿದ್ನಿ. ಅಕ್ಷರ ನೋಡಿದ್ರು, ಏನೂ ಕೇಳಲಿಲ್ಲ, ಇಟ್ಟ ಹೋಗ ಅಂದ್ರು."

ವಯಸ್ಸಿನಲ್ಲಿ ಅಣ್ಣನಿಗಿಂತ ಇಪ್ಪತ್ತು ವರ್ಷ ಹಿರಿಯರು ಅವನನ್ನು ಉಸ್ತಾದ ಎನ್ನುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಕರಗುತ್ತಿದ್ದರು. ನನಗೆ ಬಂದದ್ದು ಸಿಟ್ಟು. ಅಣ್ಣ ನನ್ನ ಗೆಲುವನ್ನು ಕದ್ದಿದ್ದ. ಮನೆಗೆ ಬಂದವನೇ ಮಾಳಿಗೆ ಹತ್ತಿ, ಕಾಯಿಲ್ ಬಿಚ್ಚಿ, ಪೇಟೆಗೆ ಹೋಗಿ ಅವನ ಮೇಜಿನ ಮೇಲೆ ಕುಕ್ಕಿದೆ.

ಅಣ್ಣ ಮೋಟಾರಿನೊಳಗೆ ಕೈ ಇಟ್ಟುಕೊಂಡೇ ನೋಡಿದ.

"ಲೆಕ್ಕ ತಪ್ಪೇತೇನು?"

"ಇಲ್ಲ."

"ಮತ್ಯಾಕ ತಂದಿ?"

ತಪ್ಪಾಯಿತು ಎನ್ನಲು ಅದೇ ಸಮಯ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಒಂದು ಗಳಿಗೆ ಕಾದ, ಆಮೇಲೆ ತಲೆ ತಗ್ಗಿಸಿ ಕೆಲಸಕ್ಕೆ ತೊಡಗಿದ. ನಾನು ಕಾಯಿಲ್ ಅಲ್ಲೇ ಬಿಟ್ಟು ಬಂದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ನೋಡಿದರೆ ಕಾಯಿಲ್‌ಗಳು ಪೇಪರಿನಲ್ಲಿ ಸುತ್ತಿ ಮಾಳಿಗೆಯ ಗೋಡೆಯ ಮೇಲೆ ಕೂತಿದ್ದವು. ಗೋಡೆಯಾಚೆ, ಅವನ ಪಾಲಿನಲ್ಲಿ, ಹಳೆಯ ಬೋರಿನ ಪೈಪಿನದೊಂದು ಕಂಬ ಎದ್ದು ನಿಂತಿತ್ತು. ಬುಡಕ್ಕೆ ಸಿಮೆಂಟು ಇನ್ನೂ ಹಸಿ, ತುದಿಗೆ ಒಂದು ಕೊಂಡಿ. ತಂತಿ ಕಟ್ಟಲು ನಾನು ನೆಟ್ಟಿದ್ದ ಕಂಬದಷ್ಟೇ ಎತ್ತರ. ತಂತಿಯ ತುದಿಯ ಹತ್ತಿರ ಕಬ್ಬಿಣ ನಿಲ್ಲಿಸಿದರೆ ಆಂಟೆನಾ ಕೆಡುತ್ತದೆ. ಕೇಡಿಗ, ಎಲ್ಲಿ ನೋವಾಗುತ್ತದೋ ಅಲ್ಲೇ ಗೂಟ ಹೊಡೆದ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಆದರೂ ಅವನು ಸುತ್ತಿದ ಕಾಯಿಲ್ ಮತ್ತೆ ಕಟ್ಟಿದೆ. ಅದಕ್ಕೆ ನಾಚಿಕೆ ಇರಲಿಲ್ಲ ನನಗೆ.

ಹೀಗೆ ಏಳು ವರ್ಷ ನಡೆಯಿತು. ಆ ಕಂಬದ ಮೇಲೆ ಟೀವಿ ಆಂಟೆನಾ ಬರಲಿಲ್ಲ, ಡಿಶ್ಶೂ ಬರಲಿಲ್ಲ. ಕೊಂಡಿಗೆ ಒಂದು ದಾರವನ್ನೂ ಯಾರೂ ಕಟ್ಟಲಿಲ್ಲ. ದಿನಾ ನೋಡುತ್ತಿದ್ದೆ. ಯಾತಕ್ಕೆ ನಿಂತಿದೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಸಿಗುತ್ತಿತ್ತು, ಅದಕ್ಕೇ ಕೇಳಿಕೊಳ್ಳಲಿಲ್ಲ.

ಅಣ್ಣ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಮಣ್ಣು ಕೊಡುವಾಗ ಎಲ್ಲರ ಜೊತೆ ನಾನೂ ಒಂದು ಹಿಡಿ ಹಾಕಿದೆ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ವೈನಿ ಒಗೆದ ಅರಿವೆಯ ಬುಟ್ಟಿ ಹಿಡಿದು ಮಾಳಿಗೆಗೆ ಬಂದರು. ಗೋಡೆಯ ಹತ್ತಿರ ನಿಂತು ಆ ಕಂಬ ತೋರಿಸಿದರು. ಅವರು ನನ್ನ ಜೊತೆ ಮಾತಾಡಿದ್ದೂ ಅಷ್ಟು ವರ್ಷಗಳಲ್ಲಿ ಅದೇ ಮೊದಲು.

"ಇದಕ್ಕ ಅರಿವಿ ಹಗ್ಗಾ ಕಟ್ಟಲೇನು? ಅವರು ಇರೂತನಾ ಕಟ್ಟಗೊಡಲಿಲ್ಲ. ಅದು ನಮ್ಮದಲ್ಲ, ಅಂವಂದು, ಅಂವಗ ಎರಡ ಅಡಿ ಕಡಿಮಿ ಬೀಳತೈತಿ ಅಂತಿದ್ರು. ಇನ್ನ ನಿಮ್ಮನ್ನ ಕೇಳಿದ್ರಾತು ಅಂತ ಬಂದ್ನಿ."

ಕಾಗದದಲ್ಲಿ ಮೂವತ್ತೆಂಟು ಅಡಿ ಎಂದು ಬರೆದಿತ್ತು. ನನ್ನ ಪಾಲು ಮೂವತ್ತಾರು ಎಂಬುದು ಟೇಪು ಹಿಡಿದವನಿಗೆ ಗೊತ್ತಿತ್ತು. ತಂತಿ ಸುತ್ತುವುದು ಬಿಟ್ಟರೆ ಏನೂ ತಿಳಿಯದ ಮನುಷ್ಯ ನನ್ನ ಕಾಗದವನ್ನು ಪೂರ್ತಿ ಓದಿದ್ದ.

ಬ್ಯಾಡ್ರಿ ವೈನಿ, ಅದು ನಂದ ಎಂದೆ. ಕೆಳಗೆ ಹೋಗಿ ಟೇಪು ತಂದು, ಏಳು ವರ್ಷದಲ್ಲಿ ಮೊದಲ ಸಲ ಗೋಡೆ ದಾಟಿದೆ. ಗೆರೆಯಿಂದ ಕಂಬಕ್ಕೆ ಅಳೆದೆ. ಎರಡು ಅಡಿ, ಮೇಲೆ ದಾರ ಕಟ್ಟಲು ನಾಲ್ಕು ಇಂಚು ಕೊಸರು. ಬಾಲ ಎತ್ತಿ ಕೊಂಡಿಗೆ ಕಟ್ಟಿದೆ. ತಂತಿ ನೇರವಾಯಿತು. ವೈನಿ ಬುಟ್ಟಿ ಕೆಳಗಿಟ್ಟು ನೋಡುತ್ತ ನಿಂತಿದ್ದರು. ಅವತ್ತು ಕಳಿಸಿದ ಶಕ್ತಿ ಒಂದಿಷ್ಟೂ ತಿರುಗಿ ಬರಲಿಲ್ಲ, ಮೀಟರಿನ ಮುಳ್ಳು ಸೊನ್ನೆಯಿಂದ ಮೇಲೇಳಲೇ ಇಲ್ಲ.

ಅದು ನಂದು ಎಂಬ ಮಾತನ್ನು ಅವನೆದುರು ಹೇಳಬೇಕಾಗಿತ್ತು.