ಮೀನಿನವರ ಹಾರ್ನ್

ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಳೆದ ಬೇಸಗೆಯಿಂದ ಊರಿನಲ್ಲಿ ಈ ವಿಷಯವಾಗಿ ಸ್ವಲ್ಪ ಸಂಶಯ ಹುಟ್ಟಿಕೊಂಡಿದೆ. "ಟೀಚರ ಮನೆಯಲ್ಲಿ ಸುರು ಮಾಡಿದ್ದಾರಂತೆ" ಎಂದು ವಾಮದಪದವಿನ ಹೋಟೆಲಿನಲ್ಲಿ ಯಾರೋ ಆಡಿದ ಮಾತು ನನ್ನ ಗಂಡನ ಕಿವಿಗೆ ಬಿತ್ತು. ಅವರು ಅದನ್ನು ಜೋಪಾನವಾಗಿ ಮನೆಗೆ ತಂದು ಊಟದ ಹೊತ್ತಿಗೆ ಹೇಳಿದರು. ಅತ್ತೆ ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುತ್ತಾ, "ಹೇಳಲಿ, ಅವರ ಬಾಯಿ" ಎಂದರು. ಅತ್ತೆಯ ಬಾಯಿಂದ ಇಂಥ ಮಾತು ಬಂದದ್ದು ಸಣ್ಣ ಸಂಗತಿಯಲ್ಲ. ಅದು ಹೇಗೆ ಬಂತೆಂದು ಹೇಳಬೇಕಾದರೆ ಒಂದು ಹಾರ್ನಿನಿಂದ ಸುರು ಮಾಡಬೇಕು.

ನಮ್ಮ ಮನೆ ವಾಮದಪದವಿನ ಪೇಟೆಯಿಂದ ಒಳಗೆ ಹೋಗುವ ರಸ್ತೆಯ ತಿರುವಿನಲ್ಲಿದೆ. ಅತ್ತೆ, ಗಂಡ, ನಾನು, ಒಂದನೇ ಕ್ಲಾಸು ಮುಗಿಸಿದ ಮಗಳು, ಇಷ್ಟೇ ಜನ. ಗಂಡನಿಗೆ ಬಂಟ್ವಾಳದಲ್ಲಿ ಸೊಸೈಟಿ ಕೆಲಸ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಅಂದರೆ ಹೇಳಿದ್ದನ್ನೇ ಹತ್ತು ಸಲ ಹೇಳುತ್ತೇನೆ. ಸುತ್ತಮುತ್ತಲಿನವರೆಲ್ಲ ಮೀನಿಲ್ಲದೆ ಊಟಕ್ಕೆ ಕೂರದವರು. ಅವರಿಗಾಗಿ ದಿನಾ ಬೆಳಿಗ್ಗೆ ಮೀನಿನವರೊಬ್ಬರು ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. ವಯಸ್ಸಾದ ಮನುಷ್ಯ, ತಲೆಗೆ ಸುತ್ತಿದ ಬೈರಾಸು ಟವೆಲು, ಮಾತು ಕಡಿಮೆ. ತಿರುವಿಗೆ ಬಂದವರೇ, ಸರಿಯಾಗಿ ನಮ್ಮ ಗೇಟಿನ ಮುಂದೆ, ರಬ್ಬರಿನ ಹಾರ್ನನ್ನು ಪೋಂ ಪೋಂ ಎಂದು ಒತ್ತುತ್ತಿದ್ದರು. ಅತ್ತೆ ದೇವರ ಮುಂದೆ ಕೂರುವ ಹೊತ್ತು ಅದು. ಹಾರ್ನ್ ಕೇಳಿದ ಕೂಡಲೇ ಮಗಳು ಮೀನು ನೋಡಲಿಕ್ಕೆ ಓಡುತ್ತಿದ್ದಳು. ವಾಪಸು ಬಂದವಳನ್ನು ಅತ್ತೆ ಕಾಲು ತೊಳೆಸದೆ ಒಳಗೆ ಬಿಡುತ್ತಿರಲಿಲ್ಲ. ನೋಡಿದ್ದು ಕಣ್ಣು, ತೊಳೆಯುವುದು ಕಾಲು ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆ ದಿನ ಅದರಲ್ಲೇ ಹೋಗುತ್ತಿತ್ತು.

ಕೊನೆಗೆ ಮೀನಿನವರಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲಿ ಗಟ್ಟಿ ಸ್ವರ ನನ್ನದು. ಗೇಟಿಗೆ ಹೋಗಿ, "ನೋಡಿ, ಇಲ್ಲಿ ಹಾರ್ನ್ ಹಾಕಬೇಡಿ. ಇದು ಮೀನು ತಿನ್ನುವ ಮನೆ ಅಲ್ಲ. ಮುಂದೆ ಹೋಗಿ ಹಾಕಿ" ಎಂದೆ.

"ಆಯ್ತು ಟೀಚರೇ" ಎಂದರು.

ಮರುದಿನದಿಂದ ಹಾರ್ನ್ ಮೇಲಿನ ಮನೆಯ ಹತ್ತಿರ ಕೇಳಿತು. ಒಂದೇ ಸಲ ಹೇಳಿದ್ದಕ್ಕೆ ಕೇಳುವವರು ನನ್ನ ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಆ ಮನುಷ್ಯನ ಮೇಲೆ ನನಗೆ ಒಳ್ಳೆಯ ಅಭಿಪ್ರಾಯ ಬಂತು.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಹಾರ್ನ್ ನಿಂತ ಮೇಲೂ ಮಗಳ ಬಾಯಲ್ಲಿ ಮೀನಿನ ಹೆಸರುಗಳು ಹೆಚ್ಚುತ್ತಲೇ ಹೋದವು. ಬೂತಾಯಿ, ಬಂಗುಡೆ ಎಲ್ಲರಿಗೂ ಗೊತ್ತಿರುವಂಥದ್ದು, ಬಿಡಿ. ಇವಳು ಒಂದು ದಿನ ಅಜ್ಜಿಗೆ, "ನಂಗ್ ಮೀನಿಗೆ ಎರಡು ಕಣ್ಣೂ ಒಂದೇ ಬದಿಗೆ ಇರುದು ಗೊತ್ತುಂಟಾ ಅಜ್ಜಿ?" ಎಂದು ಕೇಳಿದಳು. ಅಜ್ಜಿ ಆಗ ಕಡಲೆಬೇಳೆ ಪಾಯಸ ಕದಡುತ್ತಿದ್ದರು. "ಇದನ್ನೆಲ್ಲ ಇದಕ್ಕೆ ಯಾರು ಕಲಿಸುದು?" ಎಂದು ನನ್ನನ್ನು ನೋಡಿದರು. ನಾನು ಶಾಲೆಯ ವ್ಯಾನಿನ ಮಕ್ಕಳ ಮೇಲೆ ಹಾಕಿ ಕೈತೊಳೆದುಕೊಂಡೆ.

ಆಮೇಲೆ ದೊಡ್ಡ ರಜೆ ಬಂತು, ಹಲಸಿನ ಹಪ್ಪಳದ ಕಾಲ. ಅತ್ತೆ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಹರಡಿದರು, ಕಾಗೆ ಓಡಿಸಲಿಕ್ಕೆ ಮೊಮ್ಮಗಳನ್ನು ಕೂರಿಸಿದರು. ಅಂಗಳದ ತುದಿಯಲ್ಲಿ ತೆಂಗಿನ ಮರದ ಬುಡಕ್ಕೆ ಬಟ್ಟೆ ಒಗೆಯುವ ಕಲ್ಲುಂಟು. ಅಲ್ಲಿ ನೆರಳು. ಅವಳು ಅದರ ಮೇಲೆ ಕುಳಿತು, ಕೈಯಲ್ಲೊಂದು ಕೋಲು, ತಲೆಯ ಮೇಲೆ ಅಜ್ಜಿಯ ಹಳೆಯ ಕೊಡೆ, ದೊಡ್ಡ ಸಾಹುಕಾರರ ಗತ್ತಿನಲ್ಲಿ ಕಾಗೆಗಳನ್ನು ಬೈಯುತ್ತಿದ್ದಳು. ಮಧ್ಯದಲ್ಲಿ ಎದ್ದು ಹೋದರೆ ಒಂದು ಹಪ್ಪಳವೂ ಇಲ್ಲ ಎಂದು ಅತ್ತೆ ಷರತ್ತು ಹಾಕಿದ್ದರು. ಮರದಲ್ಲಿ ಒಣಗಿದ ಕಾಯಿಗಳು ದೀಪಾವಳಿಯಿಂದಲೂ ಇದ್ದವು. ಮರ ಹತ್ತುವವನು ನಾಳೆ ಬರುತ್ತಾನೆ ಎಂದು ಗಂಡ ಹೇಳುತ್ತಿದ್ದದ್ದೂ ದೀಪಾವಳಿಯಿಂದಲೇ.

ನಾನು ಜಗಲಿಯ ಕೆಳಗೆ ಹಿಡಿಸೂಡಿ ಹಿಡಿದು ಕಸ ಗುಡಿಸುತ್ತಿದ್ದೆ. ಗೇಟಿನ ಕಡೆಯಿಂದ ಹಾರ್ನ್ ಕೇಳಿತು. ಒಂದೇ ಸಲ, ಸಣ್ಣಕ್ಕೆ. ಇಷ್ಟು ದಿನ ಸರಿಯಿದ್ದ ಮನುಷ್ಯನಿಗೆ ಇವತ್ತೇನಾಯಿತು ಎಂದು ನನಗೆ ಸಿಟ್ಟು ಬಂತು. ಮಗಳು ಹಪ್ಪಳದ ಆಸೆ ಬಿಟ್ಟು, ಕೊಡೆಯನ್ನು ಕಲ್ಲಿನ ಮೇಲೆಯೇ ಇಟ್ಟು ಓಡಿದಳು. ನಿಲ್ಲು ಎಂದು ಕೂಗಲಿಕ್ಕೆ ಬಾಯಿ ತೆರೆದೆ. ಅವಳು ತುಳಸಿಕಟ್ಟೆ ದಾಟುವಷ್ಟರಲ್ಲಿ ಹಿಂದೆ ಸದ್ದಾಯಿತು. ತೆಂಗಿನಕಾಯಿ ಕೊಡೆಯನ್ನು ಹರಿದುಕೊಂಡು ಕಲ್ಲಿಗೆ ಬಡಿದು, ಅಲ್ಲಿಂದ ಹಾರಿ ಹಪ್ಪಳದ ಮಧ್ಯದಲ್ಲಿ ಹೋಗಿ ನಿಂತಿತು.

ಅತ್ತೆ ಒಳಗಿನಿಂದ, "ಹಪ್ಪಳ ಬಿಟ್ಟು ಎಲ್ಲಿಗೆ ಓಡಿತು ಇದು?" ಎನ್ನುತ್ತಲೇ ಬಂದರು. ಕೊಡೆಯನ್ನು ನೋಡಿದರು. ಕಡ್ಡಿಗಳೆಲ್ಲ ಮುರಿದು, ಮಗು ಕುಳಿತಿದ್ದ ಜಾಗದಲ್ಲಿ ಅದು ಬಿದ್ದಿತ್ತು. ಅವರು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಕಾಗೆಗಳು ಬಂದು ಹಪ್ಪಳ ತೆಗೆದುಕೊಂಡು ಹೋದವು, ಯಾರೂ ಓಡಿಸಲಿಲ್ಲ.

ನಾನು ಗೇಟಿನವರೆಗೆ ಹೇಗೆ ಓಡಿದೆನೋ ಗೊತ್ತಿಲ್ಲ. ಮಗಳನ್ನು ಎಳೆದು ಅಪ್ಪಿಕೊಂಡೆ, ತಲೆ ಮುಟ್ಟಿ ನೋಡಿದೆ, ಇನ್ನೊಮ್ಮೆ ಮುಟ್ಟಿ ನೋಡಿದೆ. ಅವಳು ಉಸಿರು ಕಟ್ಟುತ್ತದೆ ಎಂದಳು. ಅಷ್ಟು ಸಂತೋಷ, ಅಷ್ಟು ಹೆದರಿಕೆ ಒಟ್ಟಿಗೆ ನನಗೆ ಯಾವತ್ತೂ ಆಗಿರಲಿಲ್ಲ. ಎದುರಿಗೆ ಮೀನಿನವರು ಸ್ಕೂಟರಿನ ಮೇಲೆ ಇದ್ದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಆದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಅವರಿಗೆ ಕಂಡದ್ದು ಇಷ್ಟು: ತಲೆಕೂದಲು ಕೆದರಿದ, ಕಣ್ಣು ಕೆಂಪಾದ ಗಣಿತದ ಟೀಚರು, ಕೈಯಲ್ಲಿ ಹಿಡಿಸೂಡಿ.

"ತಪ್ಪಾಯ್ತು ಟೀಚರೇ. ಒಂದು ನಾಯಿ ಅಡ್ಡ ಬಂತು, ಅದಕ್ಕೆ ಹಾಕಿದ್ದು. ಇನ್ನು ಹಾಕುದಿಲ್ಲ" ಎಂದವರೇ ಸ್ಕೂಟರ್ ತಿರುಗಿಸಿ, ಮೇಲಿನ ಮನೆಗೂ ಹೋಗದೆ, ಬಂದ ದಾರಿಯಲ್ಲೇ ಹೊರಟುಹೋದರು. ರಸ್ತೆಯಲ್ಲಿ ನಾಯಿ ಕಾಣಲಿಲ್ಲ. ಓಡಿಹೋಗಿರಬೇಕು ಎಂದುಕೊಂಡೆ.

ಸಂಜೆ ಮನೆಯಲ್ಲಿ ಉಪಕಾರ ಹಂಚುವ ಕೆಲಸ ನಡೆಯಿತು. ಅತ್ತೆ ಮರಕ್ಕೆ ಕೊಟ್ಟರು. "ತೆಂಗಿನ ಮರಕ್ಕೆ ಕಣ್ಣುಂಟು. ನೋಡಿಯೇ ಹಾಕಿದ್ದು" ಎಂದರು. ಕಣ್ಣಿದ್ದ ಮರ ಕೊಡೆಯನ್ನು ಯಾಕೆ ನೋಡಲಿಲ್ಲ ಎಂದು ಕೇಳುವ ಶಕ್ತಿ ನನ್ನಲ್ಲಿರಲಿಲ್ಲ. ಗಂಡ ದೇವಸ್ಥಾನದಲ್ಲಿ ಒಂದು ಹೂವಿನ ಪೂಜೆ ಹೇಳಿದರು, ಮರ ಹತ್ತುವವನಿಗೆ ಫೋನು ಮಾಡಿದರು. ದೀಪಾವಳಿಯಿಂದ ಸಿಗದವನು ಮರುದಿನ ಬೆಳಿಗ್ಗೆ ಚಾ ಹೊತ್ತಿಗೆ ಹಾಜರು. ಮತ್ತೆ ಗಂಡ ಯೋಚಿಸಿ, "ಹಾಗೆ ನೋಡಿದರೆ ಉಳಿಸಿದ್ದು ಆ ನಾಯಿ" ಎಂದರು. ನಮ್ಮ ರಸ್ತೆಯಲ್ಲಿ ಇರುವುದು ಒಂದೇ ಕಂದು ನಾಯಿ. ಮಾರನೆಯ ದಿನದಿಂದ ಅತ್ತೆ ಅದಕ್ಕೆ ದೋಸೆ ಹಾಕತೊಡಗಿದರು. ಅದು ಯಾಕೆ, ಏನು ಎಂದು ವಿಚಾರಿಸದೆ ತಿಂದಿತು.

"ಹಾರ್ನ್ ಹಾಕಿದವರಿಗೆ?" ಎಂದೆ.

ಗಂಡ ಎದ್ದು ಟಿವಿ ಹಾಕಿದರು. ಬಿದ್ದ ಕಾಯಿಯನ್ನು ಅತ್ತೆ ಅಡಿಗೆಮನೆಯ ಮೂಲೆಯಲ್ಲಿ ಇಟ್ಟಿದ್ದರು. ದೇವರಿಗೆ ಒಡೆಯುವ ಎಂದರೆ ಬೇಡ ಎಂದರು. ಸಾಂಬಾರಿಗೆ ಹಾಕುವ ಎಂದರೆ ಅದಕ್ಕೂ ಬೇಡ ಎಂದರು.

ನಾಳೆ ಮೀನಿನವರು ಬಂದಾಗ ಹೇಳಿದರಾಯಿತು ಎಂದು ನಾನು ಗೇಟಿನಲ್ಲಿ ಕಾದೆ. ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ವಾರ ಪೂರ್ತಿ ನಮ್ಮ ರಸ್ತೆಗೆ ಮೀನೇ ಬರಲಿಲ್ಲ. ಮೇಲಿನ ಮನೆಯ ಅಕ್ಕ ಇಳಿದು ಬಂದರು. ಅವರ ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಮೀನು ಕೇಳುವ ಮೂವರು ಗಂಡುಮಕ್ಕಳು.

"ಟೀಚರೇ, ನೀವು ಹಿಡಿಸೂಡಿ ಹಿಡ್ಕೊಂಡು ಅವರನ್ನು ಓಡಿಸಿದ್ರಂತೆ, ಹೌದಾ? ನಿಮಗೆ ಬೇಡದಿದ್ರೆ ಬೇಡ ಮಾರಾಯ್ರೆ, ನಮ್ಮ ಹೊಟ್ಟೆಗೆ ಯಾಕೆ ಕಲ್ಲು ಹಾಕುದು?"

ನಡೆದದ್ದನ್ನು ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಅಂಗಳದ ಕಲ್ಲಿನ ಕಡೆ ನೋಡಿದರು. "ಅವರೀಗ ಪದವಿನ ಪೇಟೆಯಲ್ಲೇ ಟರ್ಪಾಲು ಕಟ್ಟಿ ಕೂತ್ಕೊಳ್ತಾರೆ. ಹೋಗಿ ಹೇಳಿ ಬನ್ನಿ. ಹೇಳದೆ ಇದ್ರೆ ಒಳ್ಳೇದಲ್ಲ" ಎಂದರು.

ಒಳ್ಳೆಯದಲ್ಲ ಎನ್ನುವುದು ನನಗೂ ಗೊತ್ತಿತ್ತು. ನನ್ನ ಮಗಳು ಎದುರಿಗೆ ಕುಳಿತು ಮಾವಿನಹಣ್ಣು ಚೀಪುತ್ತಿದ್ದಾಳೆ. ಅದಕ್ಕೆ ಕಾರಣರಾದವರು ನನಗೆ ಹೆದರಿ ದಾರಿ ಬಿಟ್ಟಿದ್ದಾರೆ. ಈ ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ನನಗೆ ಅನ್ನ ಇಳಿಯುತ್ತಿರಲಿಲ್ಲ. ಮರುದಿನ ಮಗಳ ಕೈಹಿಡಿದು ಹೊರಟೆ. ಚಪ್ಪಲಿ ಹಾಕುವಾಗ ಅತ್ತೆ ಒಂದು ಚೀಲ ತಂದುಕೊಟ್ಟರು. ಒಳಗೆ ಆ ಕಾಯಿ, ಸಿಪ್ಪೆ ಸುಲಿದು, ಚೆನ್ನಾಗಿ ಒರೆಸಿದ್ದು.

"ಅವರಿಗೆ ಕೊಡು. ಮೀನಿನ ಪದಾರ್ಥಕ್ಕೂ ತೆಂಗಿನಕಾಯಿ ಬೇಕಂತಲ್ಲ" ಎಂದರು. ಆ ಅಡಿಗೆಯ ವಿಷಯ ಅವರಿಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಮೊಮ್ಮಗಳು ಹೇಳಿರಬೇಕು.

ಟರ್ಪಾಲಿನ ಕೆಳಗೆ ಜನ ಸೇರಿದ್ದರು. ನನ್ನ ಒಬ್ಬ ವಿದ್ಯಾರ್ಥಿಯ ಅಪ್ಪ ಬಂಗುಡೆ ತೂಗಿಸುತ್ತಿದ್ದವರು ನನ್ನನ್ನು ನೋಡಿ, ತಾವೇ ತಪ್ಪು ಮಾಡಿದವರ ಹಾಗೆ ಚೀಲ ಹಿಂದಕ್ಕೆ ಹಿಡಿದರು. "ಟೀಚರ್, ನೀವು ಇಲ್ಲಿ?" ಎಂದರು. "ಸ್ವಲ್ಪ ಕೆಲಸ ಉಂಟು" ಎಂದೆ. ಮೀನಿನವರು ಕತ್ತಿ ಕೆಳಗಿಟ್ಟು ಎದ್ದು ನಿಂತರು.

"ನಾನು ಆ ಕಡೆ ಬರುದೇ ಬಿಟ್ಟಿದ್ದೇನೆ ಟೀಚರೇ" ಎಂದರು.

ಮನೆಯಿಂದ ಹೊರಡುವಾಗ ನಾನು ಹೇಳಬೇಕಾದ್ದನ್ನು ಕ್ರಮವಾಗಿ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ತಲೆಕೆಳಗಾಗಿ. ಮೊದಲು ಕೊಡೆ ಬಂತು, ಆಮೇಲೆ ಹಪ್ಪಳ, ಕಾಗೆ, ಕಡೆಗೆ ತೆಂಗಿನಕಾಯಿ. "ನಾನು ಆ ದಿನ ಬೈಲಿಕ್ಕೆ ಬಂದದ್ದಲ್ಲ. ನೀವು ಹಾರ್ನ್ ಹಾಕದೆ ಇದ್ದಿದ್ರೆ ಇವಳು ಆ ಕಲ್ಲಿನ ಮೇಲೆಯೇ ಇರ್ತಿದ್ದಳು" ಎಂದು ಹೇಗೋ ಮುಗಿಸಿದೆ. ಅವರು ಮಗಳನ್ನು ನೋಡಿದರು. ಅವಳು ಅಷ್ಟರಲ್ಲಿ ಪೆಟ್ಟಿಗೆಯ ಮೇಲೆ ಬಗ್ಗಿದ್ದಳು.

"ಇವತ್ತು ನಂಗ್ ಮೀನು ಇಲ್ವಾ?" ಎಂದು ಕೇಳಿದಳು.

"ಇಲ್ಲ ಪುಟ್ಟಾ. ನಾಳೆ ನೋಡುವ" ಎಂದರು ಅವರು. ಇಬ್ಬರೂ ನಿನ್ನೆಯಷ್ಟೇ ಮಾತಾಡಿ ಬಿಟ್ಟವರ ಹಾಗಿದ್ದರು.

ನಾನು ಚೀಲ ಮುಂದೆ ಹಿಡಿದು, "ಆ ನಾಯಿ ಅಡ್ಡ ಬಾರದೆ ಇದ್ದಿದ್ರೆ..." ಎಂದು ಸುರು ಮಾಡಿದೆ.

"ನಾಯಿ ಇರ್ಲಿಲ್ಲ ಟೀಚರೇ" ಎಂದರು.

ಬೈರಾಸು ಬಿಚ್ಚಿ ಕೈ ಒರೆಸಿಕೊಳ್ಳುತ್ತಾ, ಅವರು ನನ್ನ ಮುಖ ನೋಡದೆ ಹೇಳಿದರು. "ನೀವು ಬೇಡ ಹೇಳಿದ ಮೇಲೆ ನಾನು ಅಲ್ಲಿ ಹಾರ್ನ್ ಹಾಕ್ಲಿಲ್ಲ. ಆದ್ರೆ ಈ ಮಗು ದಿನಾ ಗೇಟಿನ ಸರಳು ಹಿಡ್ಕೊಂಡು ನಿಂತಿರ್ತದೆ. ಹಾಗೆ ಒಂದು ನಿಮಿಷ ನಿಲ್ಲಿಸಿ ಪೆಟ್ಟಿಗೆ ತೆಗ್ದು ತೋರಿಸ್ತೇನೆ. ಹೆಸರು ಕೇಳ್ತದೆ, ಹೇಳ್ತೇನೆ, ಹೋಗ್ತೇನೆ. ಆ ದಿನ ಕಾಣ್ಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಜ್ವರ ಗಿರ ಬಂತಾ, ಎಲ್ಲಿ ಹೋಯ್ತು ಅಂತ ಸಣ್ಣಕ್ಕೆ ಒಂದು ಹಾರ್ನ್ ಹಾಕಿದೆ. ಅಷ್ಟರಲ್ಲಿ ನೀವು ಹಿಡಿಸೂಡಿ ಹಿಡ್ಕೊಂಡು ಬಂದ್ರಿ. ಎಂತ ಹೇಳುದು? ನಾಯಿ ಅಂದೆ."

ನಾನು ಅತ್ತುಬಿಟ್ಟೆ. ವಿದ್ಯಾರ್ಥಿಯ ಅಪ್ಪನ ಎದುರು, ಬಂಗುಡೆಯ ಎದುರು, ಮೂಗು ಒರೆಸಿಕೊಳ್ಳಲಿಕ್ಕೂ ನೆನಪಿಲ್ಲದೆ ಅಳುತ್ತಾ ನಿಂತೆ. ಮೀನಿನವರು ಕಾಯಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಕುಲುಕಿದರು. "ಒಳ್ಳೆ ಕಾಯಿ" ಎಂದರು. ಮತ್ತೆ ಮಗಳಿಗೆ, "ನಾಳೆ ಬರ್ತೇನೆ ಆಯ್ತಾ" ಎಂದರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಬಾಗಿಲಿನಿಂದ ಹೊರಗೆ ನೋಡಿದರು. ಅಂಗಳದಲ್ಲಿ ಕಂದು ನಾಯಿ ದೋಸೆ ತಿನ್ನುತ್ತಿತ್ತು. "ಇರಲಿ, ತಿನ್ನಲಿ. ಅದು ಸುಳ್ಳು ಹೇಳಿದ್ದಲ್ಲವಲ್ಲ" ಎಂದರು.

ಮರುದಿನ ಮೀನಿನವರು ಬಂದರು. ಮಳೆಗಾಲದಲ್ಲಿ ಬೋಟುಗಳು ನಿಂತಾಗ ಒಣಮೀನು ತಂದರು. ಅದರ ವಾಸನೆ ಜಗಲಿಯವರೆಗೂ ಬರುತ್ತಿತ್ತು. ಅತ್ತೆ ಒಂದು ಊದುಬತ್ತಿ ಹೆಚ್ಚು ಹಚ್ಚಿದರು, ಅಷ್ಟೇ. ಹಾರ್ನ್ ಈಗ ಮೊದಲಿನ ಹಾಗೆ ನಮ್ಮ ಗೇಟಿನ ಮುಂದೆಯೇ ಆಗುತ್ತದೆ. ಹಾಕಿ ಎಂದು ನಾವು ಹೇಳಲಿಲ್ಲ, ಹಾಕಬೇಡಿ ಎಂದೂ ಹೇಳುವುದಿಲ್ಲ. ಊರಿನವರು ಅದನ್ನೇ ಕೇಳಿ ಬೇರೆ ಅರ್ಥ ಮಾಡಿಕೊಂಡಿದ್ದಾರೆ. ರಜೆಯ ದಿನಗಳಲ್ಲಿ ಮಗಳು ಬಣ್ಣ ಹಚ್ಚುತ್ತಲೋ ಟಿವಿ ನೋಡುತ್ತಲೋ ಕುಳಿತು ಏಳಲಿಕ್ಕೆ ಉದಾಸೀನ ಮಾಡುವುದುಂಟು. ಆಗ ಅತ್ತೆ ದೇವರ ಮುಂದೆ ಕುಳಿತಲ್ಲಿಂದಲೇ ಜಪ ನಿಲ್ಲಿಸಿ ಹೇಳುತ್ತಾರೆ.

"ಪುಟ್ಟಾ, ಬೇಗ ಹೋಗು. ನೀನು ಕಾಣದಿದ್ರೆ ಅವರು ಹುಡುಕ್ತಾರೆ."